ಮಗ್ಗದ ಕುಣಿಯಲ್ಲಿ ನೀರು

ತೂತು ಜೋಳದ ಕಾಳಿಗಿಂತ ಸಣ್ಣದು. ಕಪ್ಪು ಪೈಪಿನಲ್ಲಿ, ನೀರಿನ ಮಟ್ಟದಿಂದ ಎರಡು ಬೆರಳು ಕೆಳಗೆ ಅದು ಇರಬೇಕಿತ್ತು. ಇರಲಿಲ್ಲ.

ಈ ಇಲ್ಲದ ತೂತಿನ ವಿಷಯಕ್ಕೆ ಬರಬೇಕಾದರೆ ಮೊದಲು ನನ್ನ ಕಾಕಾನ ವಿಷಯ ಹೇಳಬೇಕು. ಈಜು ಬಾರದವರು, ಮೀನು ತಿನ್ನದವರು, ಒಂದು ಮಳೆ ಬಂದರೆ ಎಂಟು ದಿನ ಅದನ್ನೇ ಮಾತಾಡುವ ಇಳಕಲ್ಲಿನವರು. ಅಂಥವರು ಮನೆಯ ನಡುಮನೆಯಲ್ಲಿ ಮೀನಿನ ತೊಟ್ಟಿ ಇಟ್ಟು, ಅದರ ನೀರು ತಾನಾಗಿ ಕೆಳಗಿಳಿದು ತಾನಾಗಿ ಮೇಲೇರುವ ಏರ್ಪಾಡು ಮಾಡಲು ಹೊರಟರೆ, ಅದೂ ಎರಡು ಕಣ್ಣೂ ಹೋಗುತ್ತಿರುವಾಗ, ಜನ ಏನೆನ್ನಬೇಕು? ನಮ್ಮ ಓಣಿಯವರು ಒಂದೇ ಪದದಲ್ಲಿ ಹೇಳಿ ಮುಗಿಸುತ್ತಿದ್ದರು. ಆ ಪದವನ್ನು ಇಲ್ಲಿ ಬರೆಯಲಾರೆ. ಕಾಕಾನ ಹೆಂಡತಿ, ನಮ್ಮ ಕಾಕು, ಇದನ್ನು ಯಾರಿಂದಲಾದರೂ ಓದಿಸಿ ಕೇಳುವ ಸಂಭವವಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಕೆಲಸದ ಪತ್ರಕ್ಕೆ ಕಾಯುತ್ತಿದ್ದೆ. “ಹ್ಯಾಂಗೂ ಕಾಯಾಕ ಹತ್ತೀಯಲ್ಲ, ಇಳಕಲ್ಲಾಗ ಕಾಯಿ. ಕಾಕುಗ ಜೋಡಿ ಆಕ್ಕೈತಿ” ಎಂದು ಬಾಗಲಕೋಟೆಯಲ್ಲಿದ್ದ ಅಪ್ಪ ನನ್ನನ್ನು ತಮ್ಮನ ಮನೆಗೆ ಕಳಿಸಿದರು. ಕಾಕಾ–ಕಾಕುಗೆ ಮಕ್ಕಳಿರಲಿಲ್ಲ. ಮಗ್ಗವಿತ್ತು. ನಾನು ಹೋಗುವ ಹೊತ್ತಿಗೆ ಅದೂ ಇರಲಿಲ್ಲ.

ಕಣ್ಣಿನ ಡಾಕ್ಟರು ಕಾಕಾನ ಕಣ್ಣೊಳಗೆ ಬೆಳಕು ಬಿಟ್ಟು ನೋಡಿ, ಹೋದ ದೃಷ್ಟಿ ಬರುವುದಿಲ್ಲ, ಇದ್ದದ್ದೂ ವರ್ಷದೊಳಗೆ ಹೋಗುತ್ತದೆ ಎಂದಿದ್ದರಂತೆ. ಕಾಕಾ ಹೊರಗೆ ಬಂದು ಕಾಕುಗೆ, “ಪುಣ್ಯಾತ್ಮ, ಒಂದ ಮಾತಿನ್ಯಾಗ ಹೇಳಿ ಮುಗಿಸಿದ. ನಮ್ಮ ಸೀರಿ ವ್ಯಾಪಾರಿಗಳೂ ಹಿಂಗ ಮಾತಾಡಿದ್ರ ಎಷ್ಟು ಛಲೋ ಇತ್ತು” ಅಂದರಂತೆ.

ಇಳಕಲ್ ಸೀರೆಯಲ್ಲಿ ಒಡಲಿನ ಎಳೆಗಳನ್ನೂ ಸೆರಗಿನ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಬೇಕು. ಸಾವಿರಾರು ಕೊಂಡಿ. ಒಂದು ದಿನ ಕಾಕಾ ನೇಯ್ದ ಸೀರೆಯಲ್ಲಿ ಸೆರಗು ಒಡಲಿಗೆ ಸೊಟ್ಟಗೆ ಕೂತಿತ್ತು. ಕಾಕಾ ಅದರ ಮೇಲೆ ಮೂರು ಸಲ ಬೆರಳಾಡಿಸಿ “ಬರೋಬ್ಬರಿ ಐತಿ” ಅಂದರು. ಕಾಕು ಮಾತಾಡಲಿಲ್ಲ. ಆ ಮಾತಾಡದೆ ಇದ್ದದ್ದರಿಂದಲೇ ಅವರಿಗೆ ತಿಳಿಯಿತು. ಮರುವಾರ ತಾವೇ ಮಗ್ಗ ಬಿಚ್ಚಿ ಬೇರೆ ನೇಕಾರರಿಗೆ ಕೊಟ್ಟುಬಿಟ್ಟರು. ನಡುಮನೆಯಲ್ಲಿ ಉಳಿದದ್ದು ಕುಣಿ ಮಾತ್ರ. ನೇಕಾರ ಕಾಲು ಇಳಿಬಿಟ್ಟು ಕೂರುವ ಚೌಕದ ಗುಂಡಿ ಅದು. ಕಾಕಾ ಅದರ ಪಕ್ಕದಲ್ಲಿ ಗೋಡೆಗೆ ಒರಗಿ ಕೂತರು. ಅರ್ಧ ರೊಟ್ಟಿ ತಿನ್ನುವರು, ಅರ್ಧ ತಟ್ಟೆಯಲ್ಲೇ ಬಿಡುವರು. ಹೀಗೆ ಮೂರು ತಿಂಗಳು.

“ಮೂವತ್ತು ವರ್ಷ ಆ ಖಟ್-ಖಟ್ ಕೇಳಿ ನನ್ನ ತಲಿ ಸಿಡೀತಿತ್ತು,” ಕಾಕು ನನಗೆ ಅಡುಗೆಮನೆಯಲ್ಲಿ ಮೆಲ್ಲಗೆ ಹೇಳಿದರು. “ಈಗ ಸಪ್ಪಳ ಇಲ್ಲದ್ದಕ್ಕ ಅವರ ಜೀವ ಸೊರಗಾಕ ಹತ್ತೈತಿ ನೋಡವಾ.”

ಆಗ ಬಂತು ತೊಟ್ಟಿ. ನಮ್ಮ ಓಣಿಯಲ್ಲಿದ್ದ ಬ್ಯಾಂಕ್ ಮ್ಯಾನೇಜರು ವರ್ಗವಾಗಿ ಹೋಗುವಾಗ ಲಾರಿಯಲ್ಲಿ ಜಾಗ ಸಾಲದೆ ಒಂದು ಗಾಜಿನ ತೊಟ್ಟಿ, ಐದು ಬಂಗಾರದ ಬಣ್ಣದ ಮೀನು ಮತ್ತು ಒಂದು ಇಂಗ್ಲಿಷ್ ಪುಸ್ತಕವನ್ನು ಕಾಕಾನಿಗೆ ಬಿಟ್ಟುಹೋದರು. ಕಣ್ಣು ಕಾಣದವರಿಗೆ ನೋಡುವ ವಸ್ತುವನ್ನು ಕೊಟ್ಟುಹೋಗುವವರು ಲೋಕದಲ್ಲಿ ಬಹಳ ಜನ ಇರಲಾರರು. ಕಾಕಾ ತೊಟ್ಟಿಗೆ ಕಿವಿ ಹಚ್ಚಿ ಕೇಳಿದರು.

“ಇದು ಮೂಕ ಐತಲ್ಲ,” ಅಂದರು.

ಹರೆಯದಲ್ಲಿ ಸೀರೆ ಹೊತ್ತು ಮುಂಬೈಗೆ ಹೋದಾಗ ಅವರು ದೊಡ್ಡದೊಂದು ಮೀನುಮನೆ ನೋಡಿದ್ದರು. ಅಲ್ಲಿ ಗೋಡೆಯ ಹಿಂದೆ ಎಲ್ಲೋ ನೀರು ಬೀಳುವ ಸಪ್ಪಳ ಬರುತ್ತಿತ್ತಂತೆ. ಮೀನು ಹೇಗಿದ್ದವು ಎಂಬುದು ಅವರಿಗೆ ಮರೆತಿತ್ತು. ಸಪ್ಪಳ ಮರೆತಿರಲಿಲ್ಲ. ಪುಸ್ತಕದಲ್ಲಿ ಹುಡುಕು ಅಂದರು. ಹುಡುಕಿದೆ. ಆರನೆಯ ಅಧ್ಯಾಯದಲ್ಲಿ ಚಿತ್ರ ಸಮೇತ ಇತ್ತು. ಮೇಲಿನ ತೊಟ್ಟಿ ತುಂಬಿ ಹೆಚ್ಚಾದ ನೀರು ಒಂದು ಪೈಪಿನಿಂದ ಕೆಳಗಿನ ಸಂಪು ಎಂಬ ತೊಟ್ಟಿಗೆ ಬೀಳುತ್ತದೆ. ಅಲ್ಲಿ ಮರಳು–ಇದ್ದಿಲಿನಲ್ಲಿ ಸೋಸಿ ತಿಳಿಯಾಗುತ್ತದೆ. ಪಂಪು ಅದನ್ನು ಇನ್ನೊಂದು ಪೈಪಿನಿಂದ ಮತ್ತೆ ಮೇಲಕ್ಕೆ ಎತ್ತುತ್ತದೆ. ನಾನು ಇದನ್ನೆಲ್ಲ ಕ್ರಮವಾಗಿ ವಿವರಿಸಿದೆ. ಕಾಕಾ ಕೇಳಿದ್ದು ಒಂದೇ ಪ್ರಶ್ನೆ.

“ಸಪ್ಪಳ ಆಕ್ಕೈತೇನು?”

“ಆಕ್ಕೈತಿ ಕಾಕಾ. ಸಪ್ಪಳ ಆಗದಂಗ ಹ್ಯಾಂಗ ಮಾಡಬೇಕು ಅಂತ ಎರಡು ಪುಟ ಬರದಾರ.”

“ಆ ಎರಡ ಹಾಳಿ ಬಿಟ್ಟ ಬಿಡು.”

ಬಿಟ್ಟೆ. ಪುಸ್ತಕದಲ್ಲಿ ಬೇಡವಾದದ್ದನ್ನು ಬಿಡಬಹುದು ಎಂಬ ಪಾಠ ನನಗೆ ಹೀಗೆ ಶುರುವಾಯಿತು.

ಸಂಪು ಕೂರಿಸಲು ಜಾಗ ಹುಡುಕಬೇಕಾಗಿ ಬರಲಿಲ್ಲ. ಕುಣಿ ಬಾಯಿ ತೆರೆದುಕೊಂಡು ಕೂತೇ ಇತ್ತು. ಅದರೊಳಗೆ ಎತ್ತಿಗೆ ನೀರುಣಿಸುವ ಕಲ್ಲಿನ ದೋಣಿ ಇಳಿಸಿದರು. ಕುಣಿಯ ದಂಡೆಯ ಮೇಲೆ ಗಾಜಿನ ತೊಟ್ಟಿ. ಇನ್ನು ಹೆಚ್ಚಾದ ನೀರು ಹೊರಬರಲು ತೊಟ್ಟಿಗೆ ಒಂದು ತೂತು ಬೇಕಿತ್ತು. ಗಾಜಿಗೆ ತೂತು ಕೊರೆಯುವವರು ಇಳಕಲ್ಲಿನಲ್ಲಿ ಯಾರು? ಕಾಕಾನ ಜೊತೆ ಸಾಲಿಯಲ್ಲಿ ಓದಿದ ಗೆಳೆಯ ಇಮಾಮಸಾಬರು ಕೆಂಪುಕಲ್ಲಿನ ಖಣಿಯಲ್ಲಿ ಕಲ್ಲು ಕೊರೆಯುವವರು. “ಕಲ್ಲ ಕೊರಿಯಾಂವಗ ಗಾಜ ಯಾವ ಲೆಕ್ಕ” ಎಂದು ಬಂದರು. ಮೀನುಗಳನ್ನು ಹಂಡೆಗೆ ಬಿಟ್ಟು ಕೊರೆದರೆ, ತೊಟ್ಟಿಯ ಒಂದು ಬದಿಯ ಗಾಜು ಮೊದಲ ಸುತ್ತಿಗೇ ಏಳು ತುಂಡಾಯಿತು. ಇಮಾಮಸಾಬರು ತುಂಡುಗಳನ್ನು ಬಹಳ ಹೊತ್ತು ನೋಡಿದರು. ಮೂರು ದಿನ ಬಿಟ್ಟು, ಆ ಬದಿಗೆ ಸರಿಯಾಗಿ ಕೂರುವಂಥ ನುಣುಪಾದ ಕೆಂಪುಕಲ್ಲಿನ ಹಲಗೆಯನ್ನು, ಅದರಲ್ಲಿ ಗುಂಡಗೆ ಒಂದು ತೂತು ಕೊರೆದು, ತಲೆಯ ಮೇಲೆ ಹೊತ್ತು ತಂದರು. ಹೀಗೆ ಮೂರು ಬದಿ ಗಾಜು, ಒಂದು ಬದಿ ಕಲ್ಲು ಇರುವ ಮೀನಿನ ತೊಟ್ಟಿ ಸಿದ್ಧವಾಯಿತು.

ಇಮಾಮಸಾಬರು ದೂರ ನಿಂತು ನೋಡಿ, “ಲೇ ದೋಸ್ತ, ಮೀನಿಗೆ ಮೊದಲ ಗೋರಿ ಕಟ್ಟಿಸಿದಿ. ಇನ್ನ ಸಾಯೂದೊಂದ ಬಾಕಿ,” ಅಂದರು.

“ನಿನ್ನ ಗೋರಿಗೂ ಹಿಂತಾದ ಒಂದು ತೂತ ಬಿಡಸ್ತೇನಿ ತಡಿ,” ಕಾಕಾ ಅಂದರು. “ಒಳಗಿಂದ ಮಾತಾಡಾಕ ಆಕ್ಕೈತಿ. ನೀ ಸುಮ್ಮನ ಇರಾಂವ ಅಲ್ಲ.”

ಪೈಪುಗಳ ಕೀಲುಗಳನ್ನು ನೀರು ಸೋರದಂತೆ ಬಿಗಿಮಾಡುವ ಕೆಲಸ ಮಾತ್ರ ಬೇರೆಯವರಿಗೆ ಕೊಡಲಿಲ್ಲ. ಎಳೆಗೆ ಎಳೆ ಸೇರಿಸಿದ ಕೈ ಪೈಪಿಗೆ ಪೈಪು ಸೇರಿಸಲಾರದೆ? ಕಾಕಾ ಹತ್ತಿಯ ನೂಲನ್ನು ಒತ್ತೊತ್ತಾಗಿ ಸುತ್ತಿ, ಅದರ ಮೇಲೆ ನೇಕಾರರು ಹಾಸಿನ ಎಳೆಗಳಿಗೆ ಹಚ್ಚುವ ಗಂಜಿಯನ್ನು ದಪ್ಪಗೆ ಬಳಿದು ಒಣಗಿಸಿದರು. ನೋಡಲು ಬಹಳ ಅಂದವಾಗಿತ್ತು. ಮುಟ್ಟಿದರೆ ಕಲ್ಲಿನ ಹಾಗೆ ಗಟ್ಟಿ. ಗಂಜಿ ನೀರಿಗೆ ಬಿದ್ದರೆ ಏನಾಗುತ್ತದೆಂಬುದು ಮೂವತ್ತು ವರ್ಷ ಗಂಜಿ ಹಚ್ಚಿದವರಿಗೆ ಗೊತ್ತಿರಬೇಕಿತ್ತು. ಭೌತಶಾಸ್ತ್ರ ಓದಿದ ನನಗೂ ಗೊತ್ತಿರಬೇಕಿತ್ತು. ಮರುದಿನ ತೊಟ್ಟಿಯ ನೀರು ಅಂಬಲಿಯಂತೆ ಬೆಳ್ಳಗಾಗಿತ್ತು. ಒಳಗಿನ ಮೀನು ಕಾಣುತ್ತಿರಲಿಲ್ಲ.

ಕಾಕು ಬಗ್ಗಿ ನೋಡಿ, “ಸ್ವಲ್ಪ ಮಜ್ಜಿಗಿ, ಉಪ್ಪು ಹಾಕಿದ್ರ ನಾವ ಕುಡೀಬಹುದು,” ಅಂದರು.

ಆಮೇಲೆ ಅಕ್ಕಸಾಲಿಗರಿಂದ ಅರಗು ತಂದು, ಕಾಸಿ, ಕೀಲುಗಳಿಗೆ ಹಾಕಿದರು. ಅದು ನಿಂತಿತು. ಬಾಗಲಕೋಟೆಯ ಗುಜರಿಯಿಂದ ಅಪ್ಪ ಕಳಿಸಿದ ಹಳೆಯ ಕೂಲರಿನ ಪಂಪನ್ನು ದೋಣಿಯ ನೀರಿನಲ್ಲಿ ಮುಳುಗಿಸಿಟ್ಟರು. ನಾನು ಸ್ವಿಚ್ಚು ಒತ್ತಿದೆ. ಪಂಪು ಗುಂಯ್‌ಗುಟ್ಟಿತು. ನೀರು ಮೇಲೇರಿ ನಲ್ಲಿಯಿಂದ ಬಿದ್ದಂತೆ ತೊಟ್ಟಿಗೆ ಬಿತ್ತು. ತೊಟ್ಟಿ ತುಂಬಿತು. ಕಲ್ಲಿನ ತೂತಿನಿಂದ ನೀರು ಒಂದು ಗುಟುಕು ಗಾಳಿಯನ್ನೂ ಎಳೆದುಕೊಂಡು ಕುಣಿಯೊಳಗಿನ ದೋಣಿಗೆ ಬಿತ್ತು. ಗುಡುಕ್. ಸ್ವಲ್ಪ ತಡೆದು ಮತ್ತೆ ಗುಡುಕ್. ಪುಸ್ತಕದವರು ಎರಡು ಪುಟ ಖರ್ಚು ಮಾಡಿ ಅಡಗಿಸಬೇಕೆಂದಿದ್ದ ಸಪ್ಪಳ ಇದೇ.

ಕಾಕಾ ಕುಣಿಯ ದಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ಮಗ್ಗದಲ್ಲಿ ಕೂರುತ್ತಿದ್ದ ಹಾಗೆಯೇ. ಅಂದು ಮಧ್ಯಾಹ್ನ ಇಡೀ ರೊಟ್ಟಿ ತಿಂದರು. ಕಾಕು ಇನ್ನೊಂದು ಬಡಿದರು. ಅದನ್ನೂ ತಿಂದರು.

ಮೀನುಗಳಿಗೆ ಸೀರೆಯ ದಡಿಗಳ, ಅಂದರೆ ಅಂಚುಗಳ, ಹೆಸರಿಟ್ಟರು: ಗೋಮಿ, ಚಿಕ್ಕಿ, ಪರಾಸಪೇಠ, ಗಾಡಿ, ತೆನಿ. ತೆನಿ ದಡಿಯಲ್ಲ, ಸೆರಗಿನದು ಎಂದು ಕಾಕು ತಕರಾರು ತೆಗೆದರು. “ಮೀನಿಗೇನ ಗೊತ್ತು” ಎಂದು ಕಾಕಾ ಆ ತಕರಾರನ್ನು ವಜಾ ಮಾಡಿದರು. ಹೊತ್ತಿಗೆ ಹೊತ್ತಿಗೆ ಕಾಳು ಹಾಕಿ, ಗಾಜಿಗೆ ಮುಖ ತಾಗಿಸಿ ನೋಡುವರು. ಅವರಿಗೆ ಕಾಣುತ್ತಿದ್ದುದು ಸರಿದಾಡುವ ಕೆಂಪು ಚುಕ್ಕೆಗಳಷ್ಟೆ. ಬರಬರುತ್ತ ಅದೂ ಇಲ್ಲ.

ಕರೆಂಟು ಹೋದಾಗ ಸಪ್ಪಳ ನಿಲ್ಲುತ್ತಿತ್ತು. ಕರೆಂಟು ಹೋಗದ ದಿನ ನಮ್ಮಲ್ಲಿ ಯಾವುದು? ಆಗ ಕಾಕಾ ಎದ್ದು, ಗೋಡೆ ಹಿಡಿದು ಅತ್ತಿತ್ತ ನಡೆಯುವರು. ನೀರು ಮತ್ತೆ ಗುಡುಕ್ ಎನ್ನುವವರೆಗೂ ಯಾರ ಮಾತಿಗೂ ಉತ್ತರ ಕೊಡುತ್ತಿರಲಿಲ್ಲ. ಒಮ್ಮೆ ಹೀಗೆ ನಡೆಯುತ್ತಿದ್ದಾಗ ಕಾಕು ನನ್ನ ಕೈ ಹಿಡಿದು, “ಆ ನೀರ ನಿಂತ ಹೋದ್ರ ಇವರೂ ನಿಂತಂಗ. ತಿಳಕೋ,” ಅಂದರು. ತಿಳಿದುಕೊಂಡೆ.

ಒಂದು ಬೆಳಿಗ್ಗೆ ಗಾಡಿ ಎಂಬ ಮೀನು ಸತ್ತು ತೇಲುತ್ತಿತ್ತು. ಮೇಲಿಂದ ಬೀಳುವ ನೀರಿನ ಹೊಡೆತಕ್ಕೆ ಮೀನುಗಳು ಮೂಲೆಯಲ್ಲಿ ಮುದುಡಿಕೊಂಡು ನಿಲ್ಲುವುದನ್ನು ನಾನು ನೋಡಿದ್ದೆ. ಗಾಡಿಯ ಬಾಲ ಹರಿದಿತ್ತು. ಕಾಕು ಅದನ್ನು ಎಲೆಯಲ್ಲಿ ಸುತ್ತಿ ಕರಿಬೇವಿನ ಬುಡದಲ್ಲಿ ಹೂಳಿ ಬಂದರು. ಕಾಕಾ ಸ್ನಾನ ಮಾಡಿ ಬಂದು ಗಾಜಿಗೆ ಮುಖ ಹಚ್ಚಿ ಕೂತರು.

“ಐದೂ ಅದಾವೇನು ತಂಗಿ?” ನನ್ನನ್ನು ಕೇಳಿದರು.

ಕಾಕು ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು.

“ಐದೂ ಅದಾವರಿ ಕಾಕಾ,” ಅಂದೆ.

ಅಳತೆಯಲ್ಲಿ ಒಂದು ಕೂದಲು ಹೆಚ್ಚುಕಡಿಮೆಯಾದರೆ ಪ್ರಯೋಗವನ್ನೇ ಮತ್ತೆ ಮಾಡುತ್ತಿದ್ದವಳು ನಾನು. ಅಂದಿನಿಂದ ದಿನವೂ ನಾಲ್ಕನ್ನು ಐದು ಎಂದು ಎಣಿಸಿದೆ. ಕಾಕಾ ದಿನವೂ “ಹೂಂ” ಅನ್ನುತ್ತಿದ್ದರು.

ಆ ವಾರವೇ ನನಗೆ ಬಾಗಲಕೋಟೆಯಿಂದ ಸಂದರ್ಶನದ ಪತ್ರ ಬಂತು. ಹೊರಡುವ ದಿನ ಬೆಳಿಗ್ಗೆ, ನಾನು ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೆ, ಕಾಕಾ ಪುಸ್ತಕ ಹಿಡಿದು ಬಂದರು. “ಮ್ಯಾಲಿಂದ ಬೀಳೂ ನೀರು ಮೀನಿಗೆ ಬಡಿತೈತಿ ಅನಸ್ತೈತಿ. ಅದಕ್ಕೇನರ ಹೇಳ್ಯಾರೇನ ನೋಡು.”

ನೋಡಿದೆ. ಎರಡನೆಯ ಚಿತ್ರದಲ್ಲಿತ್ತು. ನೀರೆತ್ತುವ ಪೈಪಿನ ಬಾಯಿಯನ್ನು ತೊಟ್ಟಿಯ ತಳದವರೆಗೂ ಇಳಿಸಬೇಕು. ಆಗ ನೀರು ಮೆಲ್ಲಗೆ ಬೆರೆಯುತ್ತದೆ, ಮೀನಿಗೆ ಪೆಟ್ಟಾಗುವುದಿಲ್ಲ. ಓದಿ ಹೇಳಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಎರಡು ಸಾಲಿದ್ದವು. ಕಣ್ಣಾಡಿಸಿದೆ. ಅರ್ಥವೂ ಆಯಿತು. ಹಾಗೆ ಇಳಿಸಿದ ಪೈಪಿಗೆ ನೀರಿನ ಮಟ್ಟದ ತುಸು ಕೆಳಗೆ ಒಂದು ಸಣ್ಣ ತೂತು ಇರಲೇಬೇಕು. ಇಲ್ಲದಿದ್ದರೆ ಪಂಪು ನಿಂತ ಕೂಡಲೇ ನೀರು ಬಂದ ದಾರಿಯಲ್ಲೇ ಹಿಂದಿರುಗಿ, ತೊಟ್ಟಿಯೆಲ್ಲ ಕೆಳಗೆ ಖಾಲಿಯಾಗುತ್ತದೆ. ಸಾಲಿಯಲ್ಲಿ ಹೇಳಿಕೊಡುವ ಸೈಫನ್ನಿನ ಪಾಠ ಇದು. ತೂತಿನಿಂದ ಗಾಳಿ ಒಳಹೊಕ್ಕರೆ ಹರಿವು ನಿಲ್ಲುತ್ತದೆ.

ಬಸ್ಸಿಗೆ ಹತ್ತು ನಿಮಿಷವಿತ್ತು. ಬಂದಮೇಲೆ ಹೇಳಿದರಾಯಿತು, ಅಷ್ಟರೊಳಗೆ ಇವರೆಲ್ಲಿ ಮಾಡುತ್ತಾರೆ ಎಂದುಕೊಂಡು ಪುಸ್ತಕ ಮುಚ್ಚಿದೆ.

ಸಂದರ್ಶನದಲ್ಲಿ ನೀರಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಸರಿಯಾಗಿಯೇ ಹೇಳುತ್ತಿದ್ದೆ.

ಕಾಕು ಅಂದು ಹುನಗುಂದಕ್ಕೆ ಅಕ್ಕನ ಮನೆಗೆ ಹೋಗಿದ್ದರು. ಕಾಕಾನನ್ನು ಒಬ್ಬರನ್ನೇ ಬಿಟ್ಟು ಹೋದದ್ದು ಆ ವರ್ಷದಲ್ಲಿ ಅದೇ ಮೊದಲು. ಸಂಜೆ ನನ್ನ ಬಸ್ಸಿಗೇ ಹುನಗುಂದದಲ್ಲಿ ಹತ್ತಿ, ಪಕ್ಕದಲ್ಲಿ ಕೂತು, ಚುರುಮುರಿ ಪೊಟ್ಟಣ ನನ್ನ ತೊಡೆಯ ಮೇಲಿಟ್ಟರು. “ಮುಂಜಾನಿ ಎರಡೂವರಿ ರೊಟ್ಟಿ ತಿಂದಾರ,” ಅಂದರು. ಇಳಕಲ್ಲು ಬರುವವರೆಗೂ ಅದನ್ನೇ ಮೂರು ಸಲ ಹೇಳಿದರು.

ಓಣಿಯಲ್ಲಿ ಕರೆಂಟಿರಲಿಲ್ಲ. ಮಧ್ಯಾಹ್ನವೇ ಹೋಗಿದೆ ಎಂದು ಇಮಾಮಸಾಬರು ಕಟ್ಟೆಯ ಮೇಲಿಂದ ಹೇಳಿದರು. “ಆದ್ರ ನಿಮ್ಮ ಕಾಕಾ ದೊಡ್ಡ ಮನಶ್ಯಾ ಆಗ್ಯಾನವಾ. ಕರೆಂಟ ಇಲ್ಲದನ ನೀರ ಹರಸಾಕ ಹತ್ತ್ಯಾನ. ಕಿಡಕ್ಯಾಗಿಂದ ಕೂಗಿ ಕೂಗಿ ಹೇಳಿದ. ನಾನೂ ಕೇಳಿದೆ, ಖರೆನ ಸಪ್ಪಳಿತ್ತು.”

ನನಗೆ ನಿಂತಲ್ಲೇ ತಿಳಿಯಿತು. ಕಾಕಾ ಪೈಪನ್ನು ಇಳಿಸಿದ್ದರು. ಕರೆಂಟು ಹೋದಾಗ ಮೇಲಿನ ನೀರು ಸದ್ದಿಲ್ಲದೆ ಹಿಂದಿರುಗಿ ದೋಣಿ ತುಂಬಿ, ಕುಣಿಯೊಳಗೆ ಸುರಿಯತೊಡಗಿತ್ತು. ಅವರು ಕಾಲು ಇಳಿಬಿಟ್ಟು ಕೂತು, ತಮ್ಮ ತೊಟ್ಟಿ ಬರಿದಾಗುವ ಸಪ್ಪಳವನ್ನು ಕೊನೆಯವರೆಗೂ ಸಂತೋಷದಿಂದ ಕೇಳಿದ್ದರು.

ಒಳಗೆ ಹೋದಾಗ ಕಾಕಾ ಕುಣಿಯಲ್ಲಿದ್ದರು. ಮೊಣಕಾಲುದ್ದದ ಕೆಸರುನೀರಿನಲ್ಲಿ ಬಗ್ಗಿ, ಎರಡೂ ಕೈಯಿಂದ ತಡಕಾಡಿ ಮೀನು ಹುಡುಕುತ್ತಿದ್ದರು. ಮೀನುಗಳು ಅಲ್ಲಿರಲಿಲ್ಲ. ಅವರ ತಲೆಯಿಂದ ಒಂದು ಗೇಣು ಮೇಲೆ, ಗಾಜಿನ ತೊಟ್ಟಿಯ ತಳದಲ್ಲಿ ಉಳಿದಿದ್ದ ಒಂದು ಬೆರಳು ನೀರಿನಲ್ಲಿ ಅಡ್ಡ ಬಿದ್ದಿದ್ದವು. ಪಂಪು ಕಾಕಾನ ಕಾಲ ಬಳಿ ಅದೇ ನೀರಿನಲ್ಲಿತ್ತು. ಸ್ವಿಚ್ಚು ಒತ್ತಿದ್ದು ಹಾಗೆಯೇ ಇತ್ತು. ಕರೆಂಟು ಯಾವ ಗಳಿಗೆಯಲ್ಲಾದರೂ ಬರಬಹುದಿತ್ತು.

ನಾನು ಓಡಿಹೋಗಿ ಮೊದಲು ಫ್ಯೂಜ್ ಕಿತ್ತೆ. ಆಮೇಲೆ, “ಕಾಕಾ, ಮೀನ ಮ್ಯಾಲ ಅದಾವರಿ,” ಅಂದೆ.

ಅವರು ಬಗ್ಗಿದ ಬೆನ್ನು ಎತ್ತದೆ, “ಎಷ್ಟು?” ಅಂದರು.

ನಾನು ತೊಟ್ಟಿಯೊಳಗೆ ನೋಡಿದೆ. ಚಿಕ್ಕಿಯ ಕಿವಿರು ಆಡುತ್ತಿರಲಿಲ್ಲ.

“ಗಾಡಿ ಹೋದದ್ದು ನನಗ ಗೊತ್ತೈತಿ ತಂಗಿ,” ಅಂದರು. “ಆವತ್ತಿಂದ ಹಾಕಿದ ಕಾಳು ಒಂದಿಷ್ಟು ತಳಕ್ಕ ಕೂಡತಿತ್ತು. ಮುಂಜಾನಿ ಕೈ ಹಾಕಿದ್ರ ಬೆರಳಿಗೆ ಹತ್ತತಿತ್ತು. ಉಳದವಾದ್ರೂ ಸಾಯಬಾರದು ಅಂತನ ಪೈಪ ಇಳಿಸಿದೆ. ನೀವಿಬ್ಬರೂ ಐದು ಅಂತಿದ್ರಿ. ನಿಮಗ ಹಂಗ ಬೇಕಾಗಿತ್ತು. ನಾನೂ ಹೂಂ ಅಂದೆ.”

ಕಾಕು ಬೈಯಲಿಲ್ಲ. ಒಣಗಿದ ಧೋತರ ತಂದು ಕುಣಿಯ ದಂಡೆಯ ಮೇಲಿಟ್ಟು, “ಏಳ್ರಿ, ಥಂಡಿ ಹತ್ತತೈತಿ,” ಅಂದರು. ಉಳಿದ ಮೀನುಗಳನ್ನು ನಾನು ಹಂಡೆಗೆ ಬಿಟ್ಟೆ. ಅಂದು ಕಾಕಾ ಉಣ್ಣಲಿಲ್ಲ. ಗೋಡೆಗೆ ಒರಗಿ, ಹಳೆಯ ಜಾಗದಲ್ಲಿ, ಹಳೆಯ ಹಾಗೆ ಕೂತರು. “ಪುಸ್ತಕದಾಗ ಇದೇನೂ ಇರಲಿಲ್ಲೇನ?” ಎಂದು ಒಮ್ಮೆ ಕೇಳಿದರು. ನಾನು ಎದ್ದು ಹಂಡೆಯ ಮೀನು ನೋಡಲು ಹೋದೆ.

ಮರುದಿನ ಬೆಳಿಗ್ಗೆ, ಕಾಕು ಒಲೆ ಹೊತ್ತಿಸುವ ಮೊದಲೇ, ನಾನು ಪುಸ್ತಕ ತೆಗೆದುಕೊಂಡು ಕಾಕಾನ ಎದುರು ಕೂತೆ. ಸಣ್ಣ ಅಕ್ಷರದ ಎರಡು ಸಾಲನ್ನು ಮೊದಲು ಇಂಗ್ಲಿಷಿನಲ್ಲಿ ಓದಿದೆ, ಆಮೇಲೆ ಕನ್ನಡದಲ್ಲಿ ಹೇಳಿದೆ. ನಿನ್ನೆ ಬಸ್ಸಿಗೆ ಮೊದಲೇ ಇದನ್ನು ಓದಿದ್ದೆ, ಹೇಳದೆ ಹೋದೆ ಅಂತಲೂ ಹೇಳಿದೆ.

“ದಬ್ಬಣ ಕಾಸು,” ಕಾಕಾ ಅಂದರು.

ಗೋಣಿ ಹೊಲಿಯುವ ದಬ್ಬಣವನ್ನು ಒಲೆಯಲ್ಲಿ ಕೆಂಪಗೆ ಕಾಸಿದೆ. ಪೈಪನ್ನು ಅವರು ಹಿಡಿದರು. ನೀರಿನ ಮಟ್ಟ ಎಲ್ಲಿಗೆ ಬರುತ್ತದೆಂದು ಬೆರಳಿನಿಂದ ಅಳೆದು, ಎರಡು ಬೆರಳು ಕೆಳಗೆ ಹೆಬ್ಬೆರಳಿನ ಉಗುರಿನಿಂದ ಗೀರಿ ತೋರಿಸಿದರು. ನಾನು ಚುಚ್ಚಿದೆ. ಕುಣಿಯ ಕೆಸರುನೀರು ಎತ್ತಿ ಚೆಲ್ಲಿ, ಬಾವಿಯಿಂದ ನೀರು ಸೇದಿ ತೊಟ್ಟಿಯನ್ನೂ ದೋಣಿಯನ್ನೂ ತುಂಬಿದೆ. ಮೀನುಗಳನ್ನು ಬಿಟ್ಟೆ. ಕರೆಂಟು ರಾತ್ರಿಯೇ ಬಂದಿತ್ತು; ಫ್ಯೂಜ್ ಹಾಕಿ ಪಂಪು ಶುರು ಮಾಡಿದೆ. ಗುಡುಕ್ ಎಂದಿತು. ಕಾಕಾ ದಂಡೆಗೆ ಬಂದು ಕೂತರು. ಹತ್ತು ನಿಮಿಷ ಹಾಗೇ ಬಿಟ್ಟು, ಅವರಿಗೆ ಹೇಳಿಯೇ, ಫ್ಯೂಜ್ ಕಿತ್ತೆ.

ನೀರು ಎರಡು ಬೆರಳು ಇಳಿಯಿತು. ತೂತು ಸೊರ್ ಎಂದು ಒಮ್ಮೆ ಗಾಳಿ ಎಳೆಯಿತು. ಆಮೇಲೆ ಮನೆಯೆಲ್ಲ ನಿಶ್ಶಬ್ದವಾಯಿತು. ಕಾಕಾ ಏಳಲಿಲ್ಲ, ನಡೆದಾಡಲಿಲ್ಲ. ತಲೆ ವಾಲಿಸಿ ಆ ನಿಶ್ಶಬ್ದವನ್ನೇ ಕೇಳುತ್ತ ಕೂತರು.

“ನಿಂತಿತೇನು?”

“ನಿಂತಿತರಿ.”

“ಎಷ್ಟು ಅದಾವ?”

“ಮೂರು,” ಅಂದೆ.